ತಾನೇ ಮುಚ್ಚಿಕೊಳ್ಳುವ ಗೋಡೆ

ಹಾರ್ಡ್‌ವೇರ್ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ಓರಗಿತ್ತಿಯರು ನಿಂತಿದ್ದರು. ಗಂಡಂದಿರು ಮಾತು ಬಿಟ್ಟು ಮನೆಯ ನಡುವೆ ಗೋಡೆ ಎಬ್ಬಿಸಿದ್ದರಂತೆ.

“ಅಕ್ಕಾ, ಬಿರುಕಿನಲ್ಲಿ ನಿನ್ನೆ ನಿಮ್ಮ ಮಾತು ಅರ್ಧಂಬರ್ಧ ಕೇಳಿಸ್ತು.”

“ಅದು ಮುಚ್ಕೊಳ್ತಾ ಇದೆ ಕಣೇ. ಆ ಸಿಮೆಂಟಿನೊಳಗೆ ಕಣ್ಣಿಗೆ ಕಾಣದ ಜೀವಿಗಳಿವೆಯಂತೆ. ನೀರು ಬಿದ್ರೆ ಎದ್ದು, ಸುಣ್ಣ ಕಕ್ಕಿ, ಬಿರುಕು ತುಂಬಿಬಿಡ್ತವಂತೆ.”

“ನೀರು ಯಾರು ಹಾಕ್ತಾರೆ?”

“ಇನ್ಯಾರು, ನಿನ್ನ ಭಾವ. ದಿನಾ ಎರಡು ಕೊಡ.”

“ನಮ್ಮವರೂ ಈ ಕಡೆಯಿಂದ ಹಾಕ್ತಾರೆ. ಹಾಕಿ, ಅಲ್ಲೇ ಕಿವಿಯಿಟ್ಟು ಕೂರ್ತಾರೆ.”

“ಯಾಕೆ?”

“ಮುಚ್ಚಿದೆಯಾ ಅಂತ ನೋಡೋಕಂತೆ. ಭಾವ ಕೆಮ್ಮಿದ್ರೆ, ‘ಇವತ್ತೂ ಔಷಧಿ ಕುಡಿದಿಲ್ಲ’ ಅಂತ ಗೊಣಗ್ತಾರೆ.”

ಸರದಿ ಬಂತು. ದೊಡ್ಡವಳು ಗೋಡೆ ಕೊರೆಯುವ ಡ್ರಿಲ್ ಕೇಳಿದಳು.

“ಎರಡೇ ಇದ್ದಿದ್ದು, ಖಾಲಿಯಾಯ್ತಮ್ಮ,” ಎಂದ ಅಂಗಡಿಯವನು. “ಬೆಳಿಗ್ಗೆ ನಿಮ್ಮ ಯಜಮಾನ್ರು ಒಂದು ತಗೊಂಡ್ರು. ಅವರು ಹೋದ್ಮೇಲೆ ಅವರ ತಮ್ಮ ಇನ್ನೊಂದು. ಮನೇಲಿ ಹೇಳ್ಬೇಡಿ ಅಂದಿದ್ದಾರೆ, ಇಬ್ರೂ.”

ಓರಗಿತ್ತಿಯರು ಮೆಟ್ಟಿಲಿಳಿದರು. ಬೀದಿಗೆ ಬಂದೊಡನೆ ಗುರುತೇ ಇಲ್ಲದವರಂತೆ ಒಬ್ಬಳು ಈ ಬದಿ, ಒಬ್ಬಳು ಆ ಬದಿ ಹಿಡಿದು, ಒಂದೇ ಮನೆಯ ಕಡೆ ನಡೆದರು.