ಸಂಘದ ಒಲೆ

ಸ್ಪೇನಿನ ಡೊನೊಸ್ತಿಯಾ ಊರಿನ ಹಳೇಪೇಟೆಯ ಮೀನಂಗಡಿಯ ಸಾಲಿನಲ್ಲಿ ಜೊಶೆಪಾ ನನ್ನ ಮುಂದಿದ್ದರು. ಅವರ ಗಂಡ ಸತ್ತು ತಿಂಗಳಾಗಿಲ್ಲ. ಆ ಗಂಡ ಅಡುಗೆಗೆ ನಿಲ್ಲುತ್ತಿದ್ದ, ಗಂಡಸರೇ ಅಟ್ಟು ಉಣ್ಣುವ ಸಂಘದ ಯಜಮಾನ ಕೊಲ್ಡೊ ನಾಚಿಕೆ ಬಿಟ್ಟು ಪಕ್ಕಕ್ಕೆ ಬಂದ.

“ಅತ್ತಿಗೆ, ನಾಳೆ ಡೋಲಿನ ಹಬ್ಬ. ಅಣ್ಣನ ಉಪ್ಪುಮೀನಿನ ಸಾರಿಲ್ದೆ ಊಟ ಹೆಂಗೆ?”

“ಅವರಿಗೆ ಕಲಿಸಿದ್ದೇ ನಾನು. ಸಂಘಕ್ಕೆ ಬಂದು ಮಾಡ್ಕೊಡ್ತೀನಿ.”

“ಹೆಂಗಸರು ಒಲೆ ಹತ್ರ ಬರಂಗಿಲ್ವಲ್ಲ. ಮನೇಲೇ ಮಾಡಿಡಿ, ಪಾತ್ರೆ ನಾವು ಹೊತ್ಕೊಂಡು ಹೋಗ್ತೀವಿ.”

“ಅವರು ಕುಸಿದುಬಿದ್ದಿದ್ದು ಆ ಒಲೆ ಮುಂದೇನೇ, ಕೊಲ್ಡೊ. ಅವತ್ತೂ ನನ್ನನ್ನ ಸಂಘದ ಬಾಗಿಲಲ್ಲೇ ನಿಲ್ಲಿಸಿದ್ರಿ. ಉಸಿರು ನಿಂತ ಮೇಲೆ ಹೊರಗೆ ತಂದ್ರಿ.”

“ನಿಯಮ ನಾನು ಮಾಡಿದ್ದಲ್ಲ, ಅತ್ತಿಗೆ.”

“ಹಾಗಾದ್ರೆ ನಿಯಮಾನೇ ಬೇಯಿಸ್ಕೊಂಡು ತಿನ್ನಿ.”

ಜೊಶೆಪಾ ಒಂದೇ ತುಂಡು ಮೀನು ಕಟ್ಟಿಸಿಕೊಂಡು ಹೊರಟರು. ಕೊಲ್ಡೊ ನನ್ನನ್ನು ದಾಟಿ ಅವರ ಜಾಗಕ್ಕೆ ನುಗ್ಗಿ, ಮೂವತ್ತು ಜನರಿಗಾಗುವಷ್ಟು ಕೇಳಿದ.