ತೆರೇಸಾಳ ಮನೆಯ ಮೊದಲ ನೀರು

ನಂದಕ್ಕನ ಯಜಮಾನರಾದ ಶರಣಬಸಪ್ಪನವರೇ, ಮಗಳು ಮಂಜರಿ, ಕೆಲಸ ಬಿಟ್ಟು ಈ ಪರದೇಶದ ಊರು ಮಾನ್ಮತ್ ಜಂಕ್ಷನ್ನಿನ ಹಾಲ್‌ಗೆ ನಂದಕ್ಕನನ್ನು ನೆನೆಯಲು ಬಂದಿರುವ ಆತ್ಮೀಯರೇ — ನಮಸ್ಕಾರ. ನಾನು ರಾಜಶೇಖರ. ನಮ್ಮ ಕನ್ನಡ ಸಂಘದ ನೀರು ಪರೀಕ್ಷೆ ತಂಡದಲ್ಲಿ ನಂದಕ್ಕನ ಜೊತೆ ಆರು ವರ್ಷ ದುಡಿದವನು. ಹೊಗಳಿದರೆ ಅವರಿಗೆ ಸಿಟ್ಟು ಬರುತ್ತಿತ್ತು. ಹಾಗಾಗಿ ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ.

ಇಲ್ಲಿಂದ ಅರ್ಧ ಗಂಟೆ ಡ್ರೈವ್. ಒಂಟಿಯಾಗಿ ಮಕ್ಕಳನ್ನು ಸಾಕುವ ಹೆಂಗಸರು ಬಾಡಿಗೆಗಿರುವ ಹಳೇ ಮನೆಗಳು — ಸೀಸದ ಪೈಪು, ಮಕ್ಕಳ ಮಿದುಳಿಗೆ ವಿಷ. ಅಂಥ ಮೂವತ್ತು ಮನೆಗಳಿಂದ ನೀರು ತಂದು ಲ್ಯಾಬ್‌ಗೆ ಕಳಿಸಿದೆವು. ರಿಪೋರ್ಟ್ ಬಂತು — ಎಲ್ಲಾ ಕ್ಲೀನ್! ಮನೆ ಮನೆಗೂ ಹೋಗಿ "ಸೇಫ್" ಎಂದೆವು. ತೆರೇಸಾ ಎಂಬಾಕೆ — ಇಬ್ಬರು ಮಕ್ಕಳು, ಆಫೀಸುಗಳನ್ನು ಗುಡಿಸುವ ಕೆಲಸ — ಹೊಟ್ಟೆ ಬಟ್ಟೆ ಕಟ್ಟಿ ಕೊಂಡು ತರುತ್ತಿದ್ದ ಬಾಟಲಿ ನೀರನ್ನು ಅಂದೇ ನಿಲ್ಲಿಸಿದಳು.

ನಂದಕ್ಕನಿಗೆ ಮಾತ್ರ ಅನುಮಾನ. "ಬಾಟ್ಲಿ ತೊಳ್ದೀರೇನ್ರಿ?"

"ಮತ್ತೆ? ಎರಡು ಸಲ ತೊಳೆದು, ನಲ್ಲಿ ಐದು ನಿಮಿಷ ಬಿಟ್ಟು, ಒಳ್ಳೇ ನೀರೇ ಹಿಡಿದಿದ್ದೀವಿ ಅಕ್ಕ!"

ಹಣೆ ಚಚ್ಚಿಕೊಂಡರು — ಹೀಗೆ. ಬಿಂದಿಗೆ ತೊಳೆದು, ಮೊದಲ ನೀರು ಚೆಲ್ಲಿ ಹಿಡಿಯುವುದು ಅಮ್ಮ ಕಲಿಸಿದ ಪಾಠ, ಸ್ವಾಮಿ. ಆದರೆ ರಾತ್ರಿಯೆಲ್ಲ ಪೈಪಿನಲ್ಲಿ ನಿಂತ ಆ ಮೊದಲ ನೀರಿನಲ್ಲೇ ಸೀಸ ಇರುವುದು. ಅದನ್ನೇ ಚೆಲ್ಲಿದ್ದೆವು.

"ಲ್ಯಾಬ್ ಮಿಸ್ಟೇಕ್ ಅಂದ್ಬಿಡೋಣ," ಎಂದೆ. ನಾಚಿಕೆಯಾಗುತ್ತದೆ — ಆದರೂ ಎಂದೆ.

"ಆ ತೆರೇಸಾ ನಮ್ಮ ಮಾತು ನಂಬಿ ಮಕ್ಕಳಿಗೆ ಕುಡಿಸ್ಯಾಳ. ನಡೀರಿ, ನಮ್ಮ ತಪ್ಪು ಅಂತ ಹೇಳೂಣು."

ಮೂವತ್ತು ಬಾಗಿಲು! ತೆರೇಸಾ ಬೈದು, ಮುಖದ ಮೇಲೆ ಬಾಗಿಲು ಹಾಕಿಕೊಂಡಳು. ನಂದಕ್ಕ ಪ್ರತಿ ಶನಿವಾರ ನೀರಿನ ಕ್ಯಾನ್ ಹೊತ್ತು ಹೋದರು. ಮೂರನೇ ವಾರ ಆಕೆ ತೆರೆದಳು. ಮತ್ತೆ ಪರೀಕ್ಷೆ — ಸೀಸ ಸಿಕ್ಕಿತು. ಪೈಪ್ ಬದಲಿಸಲು ಮನೆ ಮಾಲೀಕ ಸಹಿ ಹಾಕಲೊಲ್ಲ. ಎರಡು ವರ್ಷ ಸತಾಯಿಸಿದ. ನಂದಕ್ಕ ಬಿಡಬೇಕಲ್ಲ! ಆಸ್ಪತ್ರೆಯ ಹಾಸಿಗೆಯಿಂದಲೂ ಅವನಿಗೆ ಫೋನ್ ಮಾಡಿದರು. ಕಳೆದ ತಿಂಗಳು ಸಹಿ ಹಾಕಿದ.

ತೆರೇಸಾ ಇಂದು ಇಲ್ಲಿ ಮಾತಾಡಬೇಕಿತ್ತು. ಬೆಳಗ್ಗೆ ಫೋನ್ ಮಾಡಿ ಅತ್ತಳು — ಬರಲಾಗುವುದಿಲ್ಲವಂತೆ, ಮನೆ ಮುಂದೆ ಅಗೆಯುತ್ತಿದ್ದಾರಂತೆ, ಹೊಸ ಪೈಪ್ ಹಾಕುತ್ತಿದ್ದಾರಂತೆ. ನಾನೆಂದೆ — ಬರಬೇಡ ತಾಯಿ, ಅಲ್ಲೇ ನಿಂತಿರು. ನಂದಕ್ಕ ಬದುಕಿದ್ದಿದ್ದರೆ ಇವತ್ತು ಯಾವ ಸಭೆಗೂ ಹೋಗುತ್ತಿರಲಿಲ್ಲ, ನಿನ್ನ ಪಕ್ಕದಲ್ಲೇ ಇರುತ್ತಿದ್ದರು.

ಬನ್ನಿ, ಎಲ್ಲರೂ ಎದ್ದು ನಿಲ್ಲೋಣ. ಒಂದು ನಿಮಿಷ — ಮಾತು ಬೇಡ.