ವಿಭವನ ಕುರ್ಚಿಯಲ್ಲಿ ಕೂತದ್ದು

ವಿಭವನಿಗೆ ತಿಂಗಳಿಗೆ ಮೂವತ್ತೆಂಟು ಸಾವಿರದ ಕೆಲಸ. ಆರು ತಿಂಗಳ ಪರೀಕ್ಷೆ. ನವೆಂಬರ್ ಕೊನೆಯೊಳಗೆ ಕೆಲಸ ಸರಿಯಾಗದಿದ್ದರೆ ಮನೆಗೆ ಕಳಿಸ್ತೇವೆ ಅಂತ ಕಂಪೆನಿ ಹೇಳಿತ್ತಂತೆ. ಎಲ್ಲಿಗೆ ಕಳಿಸುವುದು? ಆಸಾಮಿ ದುಡಿಯುತ್ತಿದ್ದದ್ದೇ ಮನೆಯಲ್ಲಿ ಕೂತು.

ಜೆಪ್ಪಿನಲ್ಲಿ ನನ್ನ ದಿನಸಿ ಅಂಗಡಿ, ಓಣಿಯವರಿಗೆಲ್ಲ ನಾನು ಹಸನಾಕ. ಅಲ್ಲಿಂದ ಓಣಿಯೊಳಗೆ ಅರುವತ್ತು ಹೆಜ್ಜೆ ನಡೆದರೆ ಹಳೆ ಬಾವಿ. ಬಾವಿಗೆ ತಾಗಿ ವಿಭವನ ಬಾಡಿಗೆ ಮನೆ, ಒಬ್ಬನೇ ಇರುವುದು. ಅದು ದಾಟಿದರೆ ನನ್ನದು. ಅವನಪ್ಪ ಊರಿನಲ್ಲಿ ದೇವಸ್ಥಾನದ ಅರ್ಚಕರು, ದಿನಕ್ಕೆ ಇನ್ನೂರು ಜನರನ್ನು ಮಾತಾಡಿಸುವವರು. ಮಗನಿಗೆ ಒಬ್ಬರ ಮುಖವೂ ಬೇಡ. ಯಾವುದೋ ದೇಶದ ಇನ್ಶೂರೆನ್ಸ್ ಕಾಗದಗಳನ್ನು ಕಂಪ್ಯೂಟರಿನಲ್ಲಿ ನೋಡಿ ಸರಿ, ತಪ್ಪು ಅಂತ ಒತ್ತುವ ಕೆಲಸ. ಮಧ್ಯಾಹ್ನ ಎರಡರಿಂದ ರಾತ್ರಿ ಹನ್ನೊಂದು. ಅರುವತ್ತು ಹೆಜ್ಜೆ ನಡೆದು ಒಂದು ಸಾಬೂನು ತರಲಾಗದೆ ಫೋನಿನಲ್ಲಿ ಬೇರೆ ಕಡೆಯಿಂದ ತರಿಸುತ್ತಿದ್ದ. ತಂದ ಹುಡುಗನಿಗೂ ಗೇಟಿಗೆ ಸಿಕ್ಕಿಸಿ ಹೋಗಿ ಅನ್ನುತ್ತಿದ್ದ.

"ಅಂಗಡಿಯಲ್ಲಿ ಬಂದು ಕೂತು ಮಾಡು ಮಾರಾಯ" ಅಂದಿದ್ದೆ.

"ಗಲಾಟೆಯಲ್ಲಿ ಫೋಕಸ್ ಹೋಗ್ತದೆ ಹಸನಾಕ."

ಫೋಕಸ್ ಅಂತೆ! ನಾನು ನಲವತ್ತು ವರ್ಷ ಗಿರಾಕಿಗಳೊಡನೆ ಜಗಳವಾಡುತ್ತಲೇ ತಕ್ಕಡಿ ಹಿಡಿದವ. ಒಂದು ಗ್ರಾಂ ಹೆಚ್ಚು ಹೋದದ್ದಿಲ್ಲ.

ನವೆಂಬರ್ ಶುರುವಿನಲ್ಲಿ ಒಂದು ರಾತ್ರಿ ಹತ್ತೂವರೆಗೆ ಬಾಗಿಲು ಹಾಕಿ ಹೊರಟೆ. ಕರೆಂಟು ಹೋಗಿತ್ತು. ಓಣಿಯಿಡೀ ಕಪ್ಪು. ಬಾವಿಯ ರಾಟೆ ಗಾಳಿಗೆ ಕೀಂಯ್... ಕೀಂಯ್... ವಿಭವನ ಕಿಟಕಿಯಿಂದ ಕೀಲಿಮಣೆಯ ಸದ್ದು. ಟಪಟಪ... ಟಪ. ಟಪಟಪ... ಟಪ. ಕತ್ತಲಲ್ಲೂ ದುಡಿಯುತ್ತಾನಲ್ಲ, ಪರವಾಗಿಲ್ಲ ಅಂದುಕೊಂಡೆ.

ಬಾವಿಕಟ್ಟೆಯ ಮೇಲೆ ಯಾರೋ ಕೂತಿದ್ದರು. ಟಾರ್ಚು ಬಿಟ್ಟೆ... ವಿಭವ!

"ನೀನಿಲ್ಲಿ?"

"ಮೆಲ್ಲ ಮಾತಾಡಿ."

"ಒಳಗೆ ಯಾರು?"

"ಗೊತ್ತಿಲ್ಲ."

"ಎಂತ ಮಾಡ್ತಾ ಉಂಟು?"

"ನನ್ನ ಕೆಲಸ."

ಟಪಟಪ... ಟಪ.

ಪಿಸುಗುಟ್ಟಿಕೊಂಡೇ ಎಲ್ಲ ಹೇಳಿದ. ಹತ್ತು ನಿಮಿಷ ಮೌಸ್ ಅಲ್ಲಾಡದಿದ್ದರೆ ಅವನ ಹೆಸರಿನ ಪಕ್ಕದ ಹಸಿರು ದೀಪ ಹಳದಿಯಾಗ್ತದಂತೆ, ಮ್ಯಾನೇಜರಿಗೆ ಗೊತ್ತಾಗ್ತದಂತೆ. ಇವನು ಮೌಸಿಗೆ ದಾರ ಕಟ್ಟಿ, ದಾರವನ್ನು ತಿರುಗುವ ಟೇಬಲ್ ಫ್ಯಾನಿನ ಕುತ್ತಿಗೆಗೆ ಕಟ್ಟಿ ಮಲಗಿಬಿಡುತ್ತಿದ್ದ. ಇಂಥವನನ್ನು ನಾನು ಒಂದು ದಿನ ಗಲ್ಲಾದಲ್ಲಿ ಕೂರಿಸುತ್ತಿರಲಿಲ್ಲ. ಒಂಬತ್ತು ದಿನದ ಹಿಂದೆ ಹೀಗೇ ಕರೆಂಟು ಹೋಗಿ ಫ್ಯಾನ್ ನಿಂತಿತ್ತು. ಗಾಬರಿಯಾಗಿ ಎದ್ದು ನೋಡಿದರೆ ದೀಪ ಹಸಿರೇ. ಲ್ಯಾಪ್‌ಟಾಪಿನಲ್ಲಿ ಹದಿನಾಲ್ಕು ಕಾಗದ ಮುಗಿದಿದ್ದವು. ಆಮೇಲೆ ದಿನಾ ಹೀಗೇ.

"ಒಂಬತ್ತು ದಿನ ಸುಮ್ಮನೆ ಇದ್ದೆಯಾ?"

"ಒಂದು ತಪ್ಪೂ ಇಲ್ಲ ಹಸನಾಕ. ಮ್ಯಾನೇಜರ್ ಶಭಾಸ್ ಅಂದ್ರು."

ದೆವ್ವಕ್ಕೆ ಇವನಿಗಿಂತ ನಿಯತ್ತು ಉಂಟು.

"ಮತ್ತೆ ಇವತ್ತು ಹೊರಗೆ ಯಾಕೆ ಓಡಿ ಬಂದದ್ದು?"

"ಸ್ಕ್ರೀನಿನಲ್ಲಿ ಬರೆಯಿತು... ಊಟ ಆಯ್ತಾ ಅಂತ."

"ನೀನೆಂತ ಬರೆದದ್ದು?"

"ಇಲ್ಲ ಅಂತ... ಆಮೇಲೆ ಅಡುಗೆಮನೆಯಲ್ಲಿ ಬಟ್ಟಲು ಇಟ್ಟ ಸದ್ದು ಕೇಳಿತು. ಎರಡು ಸಲ."

ನಾನು ಒಳಗೆ ಹೋದೆ. ಅವನು ನನ್ನ ಅಂಗಿಯ ತುದಿ ಹಿಡಿದು ಹಿಂದೆ ಬಂದ. ಹೊಸಿಲು ದಾಟಿದ ಕೂಡಲೇ ಟಪಟಪ ನಿಂತಿತು. ಕುರ್ಚಿ ಖಾಲಿ. ಫ್ಯಾನ್ ನಿಂತಿದೆ, ದಾರ ಸಡಿಲ. ಅಡುಗೆಮನೆಯಲ್ಲಿ ನೆಲದ ಮೇಲೆ ಎರಡು ಸ್ಟೀಲಿನ ಬಟ್ಟಲು, ಎದುರೆದುರು. ನಡುವೆ ಗಂಜಿಯ ಪಾತ್ರೆ. ಮುಟ್ಟಿದೆ... ಬಿಸಿ.

"ಅಕ್ಕಿ ಎಲ್ಲಿಯದ್ದು?"

"ನನ್ನಲ್ಲಿ ಅಕ್ಕಿಯೇ ಇಲ್ಲ ಹಸನಾಕ. ನಾನು ಬೇಯಿಸುವುದೇ ಇಲ್ಲ."

ಲ್ಯಾಪ್‌ಟಾಪ್ ಕಂಕುಳಲ್ಲಿಟ್ಟು, ಅವನ ರಟ್ಟೆ ಹಿಡಿದು ನನ್ನ ಮನೆಗೆ ಎಳೆದುಕೊಂಡು ಹೋದೆ.

ಮರುದಿನದಿಂದ ಅಂಗಡಿಯ ಒಳಗೆ, ಅಕ್ಕಿ ಮೂಟೆಗಳ ಪಕ್ಕ ಅವನ ಮೇಜು. ಲ್ಯಾಪ್‌ಟಾಪ್ ಅಂಗಡಿ ಬಿಟ್ಟು ಹೊರಗೆ ಹೋಗಬಾರದು. ಹನ್ನೊಂದಕ್ಕೆ ಕೆಲಸ ಮುಗಿದ ಮೇಲೆ ಅಂಗಡಿಗೆ ಬೀಗ, ಬೀಗದ ಕೈ ನನ್ನ ಸೊಂಟದಲ್ಲಿ. ಮೊದಲ ವಾರ ಕಿವಿಗೆ ಹತ್ತಿ ಇಟ್ಟು ಕೂತ. ಮೀನು ಮಾರುವ ಅಕ್ಕು ಬಂದು ಹತ್ತಿ ಕಿತ್ತು ಬಿಸಾಡಿದಳು. "ಎಂತ ಮಾರಾಯ, ಮನುಷ್ಯರ ಸ್ವರದಲ್ಲಿ ನಂಜು ಉಂಟಾ?" ಎದುರು ಮನೆಯ ಎಸ್ತೆರ್ ಬಾಯಿ ದಿನಾ ರಾತ್ರಿ ಎಂಟಕ್ಕೆ ಜಗಲಿಯಿಂದಲೇ ಕೂಗುತ್ತಿದ್ದರು, "ಊಟ ಆಯ್ತಾ?" ಮೊದಮೊದಲು ಆ ಮಾತಿಗೆ ಬೆಚ್ಚಿಬೀಳುತ್ತಿದ್ದ. ಎರಡನೇ ವಾರ "ಇಲ್ಲ ಬಾಯಿ, ಎಂತ ಉಂಟು?" ಅಂತ ಕೇಳುವಷ್ಟು ನಾಚಿಕೆ ಬಿಟ್ಟ. ಕೆಲಸವೂ ಓಡಿತು. ಹಿಂದೆ ನಾನು ಕೂತಿರುವಾಗ ದಾರ ಕಟ್ಟಲಿಕ್ಕೆ ಆಗ್ತದಾ?

ನವೆಂಬರ್ ಕೊನೆಗೆ ಕೆಲಸ ಖಾಯಂ. ಕಂಪೆನಿಯವರು ಮುಗಿದ ಕಾಗದಗಳ ಪಟ್ಟಿಯನ್ನು ದಿನ, ಗಂಟೆ ಸಮೇತ ಕಳಿಸಿದರು. ಅವನು ಓದಿದ, ನನ್ನ ಕಡೆಗೆ ತಿರುಗಿಸಿದ. ನಾನು ಎರಡು ಸಲ ಕೂಡಿಸಿದೆ. ನನ್ನ ಅಂಗಡಿಯಲ್ಲಿ ಕೂತು ವಿಭವ ಮುಗಿಸಿದ್ದು, ನಾನು ದಿನಾ ಬರೆದಿಟ್ಟ ಲೆಕ್ಕದಲ್ಲಿ, ಆರುನೂರ ನಲವತ್ತು ಕಾಗದ. ಆ ದಿನಗಳಿಗೆ ಪಟ್ಟಿಯಲ್ಲಿ ಇದ್ದದ್ದು ಆರುನೂರ ಎಂಬತ್ತೊಂದು. ಹೆಚ್ಚಾದ ನಲವತ್ತೊಂದೂ ಮೂರು ಶುಕ್ರವಾರದವು. ಮೂರೂ ದಿನ ಮಧ್ಯಾಹ್ನ ಹನ್ನೆರಡೂವರೆಯಿಂದ ಒಂದೂವರೆ.

ಶುಕ್ರವಾರ ಆ ಹೊತ್ತಿಗೆ ನಾನು ಜುಮಾ ನಮಾಝಿಗೆ ಹೋಗುತ್ತೇನೆ. ಶಟರ್ ನಾನೇ ಎಳೆದದ್ದು, ಬೀಗ ನಾನೇ ಹಾಕಿದ್ದು, ಲ್ಯಾಪ್‌ಟಾಪ್ ಒಳಗೇ. ವಿಭವ ನನ್ನ ಮನೆಯಲ್ಲಿ ಉಣ್ಣುತ್ತಿದ್ದ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಪಟ್ಟಿ ಇನ್ನೂ ನನ್ನ ಗಲ್ಲಾಪೆಟ್ಟಿಗೆಯಲ್ಲಿ ಉಂಟು, ಬಂದರೆ ತೋರಿಸುತ್ತೇನೆ.

ಒಟ್ಟು ಸಿಕ್ಕಿದ್ದು: ಒಂದು ಖಾಯಂ ಕೆಲಸ, ನನಗೊಬ್ಬ ಸಾಬೂನಿನ ಗಿರಾಕಿ, ಕೂಲಿ ಕೇಳದ ನಲವತ್ತೊಂದು ಕಾಗದ. ಒಂದರಲ್ಲೂ ತಪ್ಪಿಲ್ಲ.